ಕಣದ ಸುತ್ತುಪಟ

೧೯೪೯ನೇ ಇಸವಿ ಫೆಬ್ರವರಿ ೨೭, ಭಾನುವಾರ. ಬೆಳಿಗ್ಗೆ ಏಳೂಕಾಲಿಗೆ ಪತ್ರಿಕೆಗೆಂದು ಇದನ್ನು ಬರೆಯಲು ಕುಳಿತೆ.

ಮನುಷ್ಯನಿಗೆ ತನ್ನ ಕಣ್ಣು ಒಂದು ನೋಟಕ್ಕೆ ಎಷ್ಟು ಅಗಲ ಕಾಣುತ್ತದೆ ಎಂಬುದು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಕತ್ತು ಇದೆ, ಬೇಕಾದ ಕಡೆ ತಿರುಗಿಸಿದರಾಯಿತು. ಹಿಂದಿನ ನೋಟಕ್ಕೂ ಮುಂದಿನ ನೋಟಕ್ಕೂ ನಡುವೆ ಹೊಲಿಗೆ ಹಾಕುವ ಕೆಲಸವನ್ನು ತಲೆಯೊಳಗೆ ಯಾರೋ ಸಂಬಳವಿಲ್ಲದೆ ಮಾಡಿಕೊಂಡು ಹೋಗುತ್ತಾರೆ. ಆ ಕೆಲಸ ಎಂಥ ಕಷ್ಟದ್ದೆಂದು ನನಗೆ ತಿಳಿದದ್ದು ಈ ಸಂಕ್ರಾಂತಿ ಕಳೆದ ಮೇಲೆ, ಕತ್ತರಿಯನ್ನೂ ಮೈದಾ ಅಂಟನ್ನೂ ಹಿಡಿದು ಅದನ್ನು ನಾನೇ ಮಾಡಲು ಹೊರಟಾಗ. ಆ ಹೊಲಿಗೆಯಲ್ಲಿ ನಮ್ಮ ಚಿಕ್ಕಮ್ಮ ಒಂದು ಸಲ ಕಳೆದುಹೋದಳು, ಇನ್ನೊಂದು ಸಲ ಇಬ್ಬರಾದಳು. ನಮ್ಮ ಅಜ್ಜಿಯ ಕಾಲು ಸೊಟ್ಟಗಾಗುವುದು ಕೂದಲೆಳೆಯಲ್ಲಿ ತಪ್ಪಿತು.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ಹೊಸೂರಿನಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತೆಯಾಗಿದ್ದೇನೆ. ದಿನಚರಿ ಬರೆಯುವುದು ನನ್ನ ಚಟ. ಬೇರೆಯವರ ದಿನಚರಿಯಲ್ಲಿ ಮನಸ್ಸಿನ ತಳಮಳಗಳಿರುತ್ತವಂತೆ. ನನ್ನದರಲ್ಲಿ ರಾಯಕೋಟೆ ಬಸ್ಸು ಎಂದೆಂದು ತಡವಾಗಿ ಬಂತು, ಕ್ಷೌರ ಎಂದಾಯಿತು, ಅದರ ಹಿಂದಿನ ಕ್ಷೌರ ಎಂದಾಗಿತ್ತು, ಇಂಥವೇ ತುಂಬಿವೆ. ಇದೆಲ್ಲ ಏತಕ್ಕೆ ಎಂದು ವಕೀಲರು ಒಮ್ಮೆ ಕೇಳಿದರು. ಮುಂದೆ ಬೇಕಾಗಬಹುದು ಎಂದೆ. ಇದುವರೆಗೆ ಬೇಕಾಗಿಲ್ಲ. ಯುದ್ಧ ಮುಗಿದ ಮೇಲೆ ಬೆಂಗಳೂರು ದಂಡಿನಲ್ಲಿ ಹಳೆಯ ಸಾಮಾನು ಮಾರುವವನಿಂದ ಒಂದು ಮಡಿಸುವ ಕ್ಯಾಮೆರಾ ಕೊಂಡೆ. ಒಂದು ಸುರುಳಿ ಫಿಲಂಗೆ ಎಂಟು ಚಿತ್ರ. ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಇಲ್ಲ. ಒಂದೊಂದು ಚಿತ್ರಕ್ಕೂ ಬಿಸಿಲು ಹೇಗಿತ್ತು, ಎಷ್ಟು ದೂರ, ಎಷ್ಟು ಹೊತ್ತು ಎಂದು ಬರೆದಿಡಬಹುದು. ಚಿತ್ರ ಬರದೆ ಹೋದರೂ ಬರಹ ಉಳಿಯುತ್ತದೆ.

ಇನ್ನು ಅಜ್ಜಿ. ಅವಳು ನಮ್ಮಪ್ಪನ ತಾಯಿ. ರಾಯಕೋಟೆಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ ರಾಗಿ ಕಣದ ಯಜಮಾನಿಕೆ ಎಂದಿನಿಂದಲೂ ಅವಳದೇ. ಕಣದ ನಟ್ಟನಡುವೆ ಮೇಟಿ ನೆಡುತ್ತೇವೆ. ಆ ಕಂಬಕ್ಕೆ ಹಗ್ಗ ಕಟ್ಟಿ ಎತ್ತುಗಳನ್ನು ಸುತ್ತ ಹೊಡೆದು ತೆನೆ ತುಳಿಸುವುದು. ಮೇಟಿಯ ನೆತ್ತಿಗೆ ಒಂದು ಹಿಡಿ ಒಳ್ಳೆಯ ತೆನೆ ಕಟ್ಟುವ ಪದ್ಧತಿಯುಂಟು. ನಮ್ಮಲ್ಲಿ ಅದನ್ನು ಅಜ್ಜಿಯೇ ಕಟ್ಟಬೇಕು. ಕಟ್ಟಿದ ಮೇಲೆ ಒಕ್ಕಣೆ ಮುಗಿಯುವ ತನಕ ಅವಳು ಮೇಟಿಯ ಬುಡದಲ್ಲಿ ಗೋಣಿಯ ಮೇಲೆ ಕುಳಿತಿರುತ್ತಾಳೆ. ಎತ್ತುಗಳು ಸುತ್ತುತ್ತವೆ, ಮಗ ಸುತ್ತುತ್ತಾನೆ, ಸೊಸೆ ಸುತ್ತುತ್ತಾಳೆ; ಅಜ್ಜಿ ಕುಳಿತಲ್ಲೇ ಕತ್ತು ತಿರುಗಿಸುತ್ತಾ ಎಲ್ಲರಿಗೂ ಒಂದೊಂದು ಮಾತು ಹಾಕುತ್ತಾಳೆ. ಈ ಸಲ ಒಕ್ಕಣೆಗೆ ಮೊದಲೇ, ಕೊಯ್ದ ರಾಗಿ ಒಟ್ಟಿದ್ದ ಮೆದೆಯ ಹೊದಿಕೆ ಸರಿಯಾಗಿದೆಯೋ ಇಲ್ಲವೋ ನೋಡಲು ತಾನೇ ಮೆದೆ ಹತ್ತಿ, ಜಾರಿ, ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಳು. ಬಿದ್ದವಳು ಮೊದಲು ಹೇಳಿದ್ದು ಹೊದಿಕೆ ಸರಿಯಾಗಿಲ್ಲ ಎಂದೇ.

ಮೂಳೆ ಕಟ್ಟುವ ವೈದ್ಯರು ಕೃಷ್ಣಗಿರಿಯಲ್ಲಿದ್ದಾರೆ. ನಮ್ಮ ಸೋದರತ್ತೆಯ ಮನೆಯೂ ಅಲ್ಲೇ. ಅಜ್ಜಿಯನ್ನು ಅತ್ತೆಯ ಮನೆಗೆ ಸಾಗಿಸಿದೆವು. ವೈದ್ಯರು ಬಿದಿರಿನ ದಬ್ಬೆ ಇಟ್ಟು ಕಟ್ಟಿ, ಯುಗಾದಿಯ ತನಕ ಕಾಲು ನೆಲಕ್ಕೆ ಊರಬಾರದು, ಗಾಡಿಯಲ್ಲಿ ಕುಲುಕಾಡಬಾರದು, ಮಾತು ಮೀರಿದರೆ ಮೂಳೆ ಸೊಟ್ಟಗೆ ಕೂಡಿ ಬದುಕಿರುವ ತನಕ ಕುಂಟಬೇಕಾಗುತ್ತದೆ ಎಂದರು. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿದಳು. ವೈದ್ಯರು ಬೀದಿ ತಿರುಗುತ್ತಿದ್ದ ಹಾಗೆ, ಒಕ್ಕಣೆ ಶುರುವಾಗುವ ದಿನ ಗಾಡಿ ಕಳಿಸಬೇಕೆಂದು ನನಗೆ ಅಪ್ಪಣೆ ಮಾಡಿದಳು. ಕಣವನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಾನೆ ಎಂದೆ. ಅದಕ್ಕೇ ಗಾಡಿ ಬೇಕಾಗಿರುವುದು ಎಂದಳು.

ಆಗ ನನ್ನ ಬಾಯಿಂದ ಒಂದು ಮಾತು ಬಂದುಬಿಟ್ಟಿತು. ಕಣವನ್ನೇ ಇಲ್ಲಿಗೆ ತಂದು ತೋರಿಸುತ್ತೇನೆ, ಮೇಟಿಯ ಬುಡದಲ್ಲಿ ಕುಳಿತು ನೋಡಿದರೆ ಸುತ್ತ ಹೇಗೆ ಕಾಣುತ್ತದೋ ಹಾಗೇ ಪಟ ತೆಗೆದು ಜೋಡಿಸಿ ತರುತ್ತೇನೆ ಎಂದೆ. ಅಜ್ಜಿ ಒಂದು ಷರತ್ತು ಹಾಕಿದಳು.

"ಎಲ್ಲಾ ಕಾಣ್ಬೇಕು ಕಣ್ಲಾ. ಒಂದು ಮೂಲೆ ಬುಟ್ಟಿದ್ರೂ ನಾನು ಬತ್ತೀನಿ," ಎಂದಳು.

ಊರಿಗೆ ಹೋದೆ. ಕ್ಯಾಮೆರಾ ಒಂದೇ ಜಾಗದಲ್ಲಿ ನಿಂತು ಸುತ್ತ ತಿರುಗಬೇಕಾದರೆ ಮೇಟಿಗಿಂತ ಒಳ್ಳೆಯ ನಿಲುವು ಬೇರೆ ಇಲ್ಲ. ಅದರ ನೆತ್ತಿಗೆ ಒಂದು ಹಲಗೆ ಹೊಡೆದು, ಹಲಗೆಯ ನಡುವಿನ ಮೊಳೆಯ ಮೇಲೆ ಕ್ಯಾಮೆರಾ ತಿರುಗುವ ಹಾಗೆ ಮಾಡುವುದೆಂದು ಯೋಚಿಸಿದೆ. ಚಿಕ್ಕಪ್ಪ ಮುನಿಯಪ್ಪನ ಮುಖ ಸಣ್ಣಗಾಯಿತು. ಈ ವರ್ಷ ನೆತ್ತಿಯ ತೆನೆಯನ್ನು ಅಜ್ಜಿಯ ಬದಲು ಅವನೇ ಕಟ್ಟಿದ್ದ. ಅದನ್ನು ಬಿಚ್ಚಬೇಕಾಗುತ್ತಿತ್ತು.

"ಮೇಟಿ ತಲೆ ಮ್ಯಾಲೆ ಎಂಥದೂ ಇಕ್ಕಂಗಿಲ್ಲ ಕಣ್ಲಾ. ಅವ್ವಂಗೆ ಗೊತ್ತಾದ್ರೆ ಕುಂಟ್ಕೊಂಡೇ ಬಂದ್ಬುಡ್ತಾಳೆ," ಎಂದ.

ಗೊತ್ತಾಗುವುದು ಹೇಗೆ ಎಂದೆ. ಹೇಳುವವರು ನಾವಿಬ್ಬರೇ. ಅವನು ತೆನೆ ಬಿಚ್ಚಿ ಕಣ್ಣಿಗೊತ್ತಿಕೊಂಡು ಚಿಕ್ಕಮ್ಮ ಜಯಮ್ಮನ ಮಡಿಲಿಗೆ ಹಾಕಿದ.

ಈಗ ಲೆಕ್ಕ. ಕ್ಯಾಮೆರಾ ಒಂದು ಸಲಕ್ಕೆ ಸುತ್ತಿನಲ್ಲಿ ಎಷ್ಟು ಪಾಲನ್ನು ನೋಡುತ್ತದೆ? ಮಾರಿದವನು ಎಂಟನೆಯ ಒಂದು ಪಾಲು ಎಂದಿದ್ದ. ಸುರುಳಿಯಲ್ಲಿ ಚಿತ್ರಗಳೂ ಎಂಟೇ. ಎಂಟು ಎಂಟಕ್ಕೆ ಇಷ್ಟು ಸರಿಯಾಗಿ ಕೂಡಿದ್ದನ್ನು ಕಂಡು ನನಗೆ ಪ್ರಪಂಚದ ಮೇಲೆ ವಿಶ್ವಾಸ ಹುಟ್ಟಿತು. ಕಣದ ಅಂಚಿನ ಸುತ್ತ ಸಮದೂರಕ್ಕೆ ಎಂಟು ಕಡ್ಡಿ ನೆಡಲು ಚಿಕ್ಕಪ್ಪನಿಗೆ ಹೇಳಿದೆ. ಕಣದಿಂದ ಕಾಣುವ ರಾಯಕೋಟೆಯ ಕೋಟೆ ಬೆಟ್ಟದ ನೇರಕ್ಕೆ ಮೊದಲ ಕಡ್ಡಿ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಚಿಕ್ಕಪ್ಪ ಕಡ್ಡಿಗೂ ಹಾಗೇ ಎಂದ: ಲಾಭ, ಎರಡು, ಮೂರು. ನಾನೂ ಹಾಗೇ ಬರೆದುಕೊಂಡೆ. ಒಂದೊಂದು ಕಡ್ಡಿಗೂ ಕ್ಯಾಮೆರಾ ತಿರುಗಿಸಿ ಒಂದೊಂದು ಚಿತ್ರ. ಎತ್ತುಗಳನ್ನು ನಿಲ್ಲಿಸಿದ್ದೆವು. ಚಿಕ್ಕಮ್ಮ ಮೊರ ಹಿಡಿದು ರಾಗಿ ತೂರುವವಳ ಹಾಗೆ ಪಕ್ಕಕ್ಕೆ ತಿರುಗಿ, ಉಸಿರು ಬಿಗಿಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಅಷ್ಟು ಗಾಂಭೀರ್ಯವನ್ನು ನಾನು ಅವಳ ಮದುವೆಯಲ್ಲೂ ಕಂಡಿರಲಿಲ್ಲ.

ಹೊಸೂರಿನ ಸ್ಟುಡಿಯೋದಲ್ಲಿ ತೊಳೆಸಿ ಪ್ರಿಂಟು ಹಾಕಿಸಿದೆ. ಸ್ಟುಡಿಯೋದವರು ಒಳ್ಳೆಯವರು, ಕೇಳದಿದ್ದರೂ ಅಂಚುಗಳನ್ನು ನೀಟಾಗಿ ಕತ್ತರಿಸಿ ಕೊಟ್ಟರು. ಎಂಟನ್ನೂ ಅಂಚಿಗೆ ಅಂಚು ತಾಗಿಸಿ ಉದ್ದದ ರಟ್ಟಿಗೆ ಅಂಟಿಸಿ ಕೃಷ್ಣಗಿರಿಗೆ ಒಯ್ದೆ.

ಅಜ್ಜಿ ಪಟವನ್ನು ಕಣ್ಣಿನ ಹತ್ತಿರ ಹಿಡಿದು ಎಡದಿಂದ ಬಲಕ್ಕೆ ನೋಡುತ್ತಾ ಹೋದಳು. ಬೆಟ್ಟ ಸರಿ, ಹುಣಿಸೆ ಮರ ಸರಿ, ಮೆದೆ ಸರಿ. ಮೆದೆ ದಾಟಿದ ಮೇಲೆ ನಿಂತಳು. ಮತ್ತೆ ಹಿಂದಕ್ಕೆ ಬಂದಳು. ಅಲ್ಲಿ ಒಂದು ಚಿತ್ರದ ತುದಿಯಲ್ಲಿ ಮೊರದ ಮೂತಿ ಕಾಣುತ್ತಿತ್ತು. ಪಕ್ಕದ ಚಿತ್ರದಲ್ಲಿ ಅದರ ಹಿಂದೆ ಇರಬೇಕಾದ ಚಿಕ್ಕಮ್ಮ ಇರಲಿಲ್ಲ. ಮೊರ ತಾನಾಗಿಯೇ ಗಾಳಿಯಲ್ಲಿ ನಿಂತು ರಾಗಿ ತೂರುತ್ತಿತ್ತು.

ಕ್ಯಾಮೆರಾ ಎಂಟನೆಯ ಒಂದು ಪಾಲು ನೋಡುವುದು ಸುಳ್ಳು. ಅದಕ್ಕಿಂತ ಚೂರು ಕಡಿಮೆ ನೋಡುತ್ತದೆ. ಅದರ ಮೇಲೆ ಸ್ಟುಡಿಯೋದವರು ನೀಟು ಮಾಡಿದ್ದು ಬೇರೆ. ಚಿತ್ರಕ್ಕೂ ಚಿತ್ರಕ್ಕೂ ನಡುವೆ ಒಂದು ಸಂದಿ ಬಿದ್ದು, ಚಿಕ್ಕಮ್ಮ ಮೈಯುದ್ದಕ್ಕೂ ಆ ಸಂದಿಯೊಳಗೆ ಇಳಿದುಹೋಗಿದ್ದಳು. ಇದನ್ನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ತನ್ನ ವಿಚಾರಣೆ ಮುಗಿಸಿ ತೀರ್ಪು ಹೇಳಿಬಿಟ್ಟಿದ್ದಳು.

"ಜಯಮ್ಮ ತೌರಿಗೆ ಹೋಗವ್ಳೆ. ಮೊರ ಐತೆ, ಮೊರ ಹಿಡಿಯೋಳಿಲ್ಲ. ಮುನಿಯ ಏನೋ ಅಂದವ್ನೆ, ಮುನಿಸ್ಕೊಂಡು ಹೋಗ್ಬುಟ್ಟವ್ಳೆ. ಒಕ್ಕಣೆ ನಡುವೆ!"

ಚಿಕ್ಕಮ್ಮ ಅಲ್ಲೇ ಇದ್ದಾಳೆ, ಇದು ನನ್ನ ಅಳತೆಯ ತಪ್ಪು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಮಾತು ಮುಚ್ಚಿಡಲು ನಾನು ಸುಳ್ಳು ಹೇಳುತ್ತಿದ್ದೇನೆ ಎಂದೇ ನಂಬಿದಳು. ಅತ್ತೆ ಮದುವೆಯಾಗಿ ಕೃಷ್ಣಗಿರಿಗೆ ಬಂದಂದಿನಿಂದ ಸಿಟ್ಟು ಬಂದರೆ ತಮಿಳಿಗೆ ಹೊರಳುತ್ತಾಳೆ. ಪೋದುಂ ಅಮ್ಮಾ, ಸಾಕು, ಹುಡುಗ ಇನ್ನೊಂದು ಸಲ ತೆಗೆಯಲಿ ಎಂದು ನಡುವೆ ಬಂದಳು. ಅಜ್ಜಿ ಒಂದು ವಾರದ ವಾಯಿದೆ ಕೊಟ್ಟಳು. ಇಷ್ಟು ಕಠಿಣವಾದ ವಾಯಿದೆಯನ್ನು ನಾನು ಕೋರ್ಟಿನಲ್ಲಿಯೂ ಕಂಡಿಲ್ಲ.

ಹೆದರಿದವನ ಲೆಕ್ಕ ಯಾವಾಗಲೂ ಇನ್ನೊಂದು ಕಡೆಗೆ ವಾಲುತ್ತದೆ. ಮೊದಲ ಸಲ ಕ್ಯಾಮೆರಾ ನೋಡುವುದನ್ನು ಇದ್ದದ್ದಕ್ಕಿಂತ ಹೆಚ್ಚೆಂದುಕೊಂಡೆ. ಎರಡನೆಯ ಸಲ ತೀರ ಕಡಿಮೆಯೆಂದುಕೊಂಡೆ. ಹನ್ನೊಂದನೆಯ ಒಂದು ಪಾಲನ್ನಷ್ಟೇ ನೋಡುತ್ತದೆಂದು ತೀರ್ಮಾನಿಸಿ, ಬೆಂಗಳೂರಿನಿಂದ ಎರಡು ಸುರುಳಿ ತರಿಸಿ, ಹನ್ನೆರಡು ಕಡ್ಡಿ ನೆಡಿಸಿದೆ. ಚಿಕ್ಕಪ್ಪ ಮತ್ತೆ ಲಾಭದಿಂದ ಶುರು ಮಾಡಿದ. ಹನ್ನೆರಡು ಚಿತ್ರ ತೆಗೆದೆ. ಉಳಿದ ನಾಲ್ಕರಲ್ಲಿ ಚಿಕ್ಕಪ್ಪ ತನ್ನದೇ ಪಟ ತೆಗೆಸಿಕೊಂಡ: ರುಮಾಲು ಸುತ್ತಿ ಒಂದು, ಬಿಚ್ಚಿ ಒಂದು, ಎತ್ತಿನ ಜೊತೆ ಒಂದು, ಎತ್ತಿಗೆ ರುಮಾಲು ಸುತ್ತಿ ಒಂದು. ಚಿಕ್ಕಮ್ಮ ಈ ಸಲ ಮೊರವನ್ನು ಎದೆಗೆ ಒತ್ತಿ ಹಿಡಿದು ಕ್ಯಾಮೆರಾವನ್ನೇ ದುರುಗುಟ್ಟಿ ನೋಡುತ್ತಾ ನಿಂತಳು. ತೌರಿಗೆ ಹೋದಳೆಂಬ ಸುದ್ದಿ ಅವಳನ್ನು ಮುಟ್ಟಿತ್ತು.

"ನೆಟ್ಟಗೆ ತೆಗಿಯಪ್ಪ. ಅತ್ತೆಮ್ಮಂಗೆ ನನ್ನ ಮುಖ ಕಾಣ್ಲಿ," ಎಂದಳು.

ಸ್ಟುಡಿಯೋದವರಿಗೆ ಅಂಚು ಮುಟ್ಟಬೇಡಿ ಎಂದು ಕೈಮುಗಿದೆ. ನನ್ನ ಲೆಕ್ಕದ ಪ್ರಕಾರ ಒಂದು ಚಿತ್ರ ಮುಂದಿನದರ ಮೇಲೆ ಅರ್ಧ ಬೆರಳು ಕೂರಬೇಕು. ಅಳತೆಕೋಲು ಇಟ್ಟು, ಗೆರೆ ಎಳೆದು, ಹನ್ನೆರಡನ್ನೂ ಅರ್ಧರ್ಧ ಬೆರಳು ಕೂರಿಸಿ ಅಂಟಿಸಿದೆ. ನನ್ನ ಕೈಯಿಂದ ಅಷ್ಟು ನೇರವಾದ ಕೆಲಸ ಹಿಂದೆ ಆಗಿರಲಿಲ್ಲ. ಒಂದೇ ಕೊರತೆ. ಅಂಟಿಸುವಾಗ ನಾನು ಅಳತೆಕೋಲನ್ನು ನೋಡುತ್ತಿದ್ದೆ, ಪಟವನ್ನು ನೋಡುತ್ತಿರಲಿಲ್ಲ.

ಪಟವನ್ನು ಅಜ್ಜಿ ನೋಡಿದಳು. ಆಮೇಲೆ ಅತ್ತೆಯನ್ನು ಹತ್ತಿರ ಕರೆದು, ನನಗೆ ಕೇಳಿಸಬಾರದೆಂಬಂತೆ, ಆದರೆ ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿದಳು.

"ಒಬ್ಳು ಹೋದ್ಲು ಅಂತಿದ್ದೆ. ಮುನಿಯ ಈಗ ಇಬ್ರನ್ನ ಇಕ್ಕೊಂಡವ್ನೆ. ನೋಡಮ್ಮಿ, ಒಂದೇ ತರ ಸೀರೆ ಬ್ಯಾರೆ ತಕ್ಕೊಟ್ಟವ್ನೆ."

ಬಗ್ಗಿ ನೋಡಿದೆ. ಮೆದೆಯ ಪಕ್ಕದಲ್ಲಿ ಇಬ್ಬರು ಚಿಕ್ಕಮ್ಮಂದಿರು ತೋಳಿಗೆ ತೋಳು ತಾಗಿಸಿಕೊಂಡು, ಎರಡು ಮೊರಗಳನ್ನು ಎದೆಗೆ ಒತ್ತಿಕೊಂಡು, ಇಬ್ಬರೂ ಅಜ್ಜಿಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಕ್ಯಾಮೆರಾ ನಾನಂದುಕೊಂಡದ್ದಕ್ಕಿಂತ ಹೆಚ್ಚು ಅಗಲವನ್ನು ನೋಡಿತ್ತು. ಒಂದರ ಬಲತುದಿಯಲ್ಲಿದ್ದವಳು ಮುಂದಿನದರ ಎಡತುದಿಯಲ್ಲೂ ಇದ್ದಳು. ಅರ್ಧ ಬೆರಳು ಮುಚ್ಚಿದರೆ ಅವಳು ಮುಚ್ಚಿಹೋಗುವುದಾದರೂ ಹೇಗೆ? ಹುಣಿಸೆ ಮರಗಳೂ ಎರಡಾಗಿದ್ದವು, ಮೆದೆಯೂ ಎರಡಾಗಿತ್ತು. ಅಜ್ಜಿ ಅವುಗಳ ಮಾತೆತ್ತಲಿಲ್ಲ. ಮೆದೆ ಎರಡಾದದ್ದಕ್ಕೆ ಆಕ್ಷೇಪಣೆ ಇರಲಿಲ್ಲವೆಂದು ಕಾಣುತ್ತದೆ.

"ಬರೋ ಭಾನುವಾರ ಗಾಡಿ ಕಟ್ಸು. ನೀನು ಕಟ್ಟಿಸ್ದಿದ್ರೆ ನಾನು ನಡ್ಕೊಂಡೇ ಬತ್ತೀನಿ," ಎಂದಳು. ದಬ್ಬೆ ಕಟ್ಟಿದ ಕಾಲನ್ನು ಅಲ್ಲೇ ಸ್ವಲ್ಪ ಎತ್ತಿಯೂ ತೋರಿಸಿದಳು. ನೋವಿಗೆ ಅವಳ ಕಣ್ಣಿನಲ್ಲಿ ನೀರು ಬಂದದ್ದನ್ನು ಕಂಡೆ. ಅದುವರೆಗೆ ಇದು ನನಗೆ ಅಳತೆಯ ಆಟವಾಗಿತ್ತು. ಬಸ್ಸಿನಲ್ಲಿ ಹಿಂದಿರುಗುವಾಗ, ಕಣದಲ್ಲಿ ಕುಂಟುತ್ತಾ ನಡೆಯುವ ಅಜ್ಜಿಯೇ ಕಣ್ಣಮುಂದೆ ಬರುತ್ತಿದ್ದಳು. ಆ ದಿನ ಬಸ್ಸು ತಡವಾಯಿತೋ ಇಲ್ಲವೋ ನನ್ನ ದಿನಚರಿಯಲ್ಲಿಲ್ಲ.

ಹೊಸೂರಿಗೆ ಹೋಗದೆ ರಾಯಕೋಟೆಯಲ್ಲೇ ಇಳಿದು ಊರಿಗೆ ನಡೆದೆ. ಮಾರಿದವನ ಮಾತು ಬೇಡ, ನನ್ನ ಹೆದರಿಕೆಯೂ ಬೇಡ, ಕ್ಯಾಮೆರಾವನ್ನೇ ಕೇಳೋಣ ಎನ್ನಿಸಿತ್ತು. ಒಂದು ಪ್ರಿಂಟು ತೆಗೆದುಕೊಂಡು ನೋಡಿದೆ. ಅದರ ಎಡ ಅಂಚಿಗೆ ಸರಿಯಾಗಿ ಹುಣಿಸೆಯ ಬೊಡ್ಡೆ, ಬಲ ಅಂಚಿಗೆ ಕೊಟ್ಟಿಗೆಯ ಮೂಲೆಗಂಬ. ಮೇಟಿಯಿಂದ ಎರಡು ಹಗ್ಗ ಬಿಟ್ಟು, ಒಂದನ್ನು ಬೊಡ್ಡೆಯ ನೇರಕ್ಕೂ ಇನ್ನೊಂದನ್ನು ಕಂಬದ ನೇರಕ್ಕೂ ಬಿಗಿಯಾಗಿ ಎಳೆದೆವು. ಎರಡು ಹಗ್ಗಗಳ ನಡುವೆ ಕಣದ ಅಂಚು ಎಷ್ಟಿದೆಯೋ ಅಷ್ಟೇ ಈ ಕ್ಯಾಮೆರಾ ಒಂದು ಸಲಕ್ಕೆ ನೋಡುವುದು. ಆ ಉದ್ದಕ್ಕೆ ಒಂದು ಹುರಿ ಕತ್ತರಿಸಿ, ಕಣದ ಅಂಚಿನ ಸುತ್ತ ಅಳೆಯುತ್ತಾ ಬಂದೆವು. ಎಂಟು ಹುರಿ ಹಿಡಿದು ಇನ್ನೂ ಕಾಲು ಹುರಿಗಿಂತ ಹೆಚ್ಚು ಜಾಗ ಉಳಿಯಿತು. ಎಂಟೂ ಅಲ್ಲ, ಹನ್ನೊಂದೂ ಅಲ್ಲ. ಇಷ್ಟು ಸುಲಭದ ಕೆಲಸವನ್ನು ಮೊದಲೇ ಏಕೆ ಮಾಡಲಿಲ್ಲ ಎಂದು ಚಿಕ್ಕಪ್ಪ ಕೇಳಿದ. ಬರೆದುಕೊಳ್ಳುವುದರಲ್ಲಿ ಮಗ್ನನಾದವನ ಹಾಗೆ ನಟಿಸಿದೆ.

ಇದರಿಂದ ಒಂದು ಸಂತೋಷದ ಸಂಗತಿ ಹೊರಬಿತ್ತು. ಹೊಸ ಫಿಲಂ ಬೇಕಿಲ್ಲ. ಹನ್ನೆರಡು ಚಿತ್ರಗಳಲ್ಲಿ ಇಡೀ ಸುತ್ತು ಇದೆ, ಇರುವುದು ಹೆಚ್ಚೇ. ಒಂದರ ಮೇಲೊಂದು ಅರ್ಧ ಬೆರಳಲ್ಲ, ಹತ್ತಿರ ಹತ್ತಿರ ಎರಡು ಬೆರಳು ಕೂರಬೇಕು. ಆದರೆ ಈಗ ನಾನು ಲೆಕ್ಕವನ್ನೂ ಪೂರ್ತಿ ನಂಬುವ ಸ್ಥಿತಿಯಲ್ಲಿರಲಿಲ್ಲ. ಸ್ಟುಡಿಯೋದಿಂದ ಇನ್ನೊಂದು ಜೊತೆ ಪ್ರಿಂಟು ಹಾಕಿಸಿ, ಅಳತೆಕೋಲನ್ನು ಪಕ್ಕಕ್ಕಿಟ್ಟು, ಚಿಕ್ಕಮ್ಮನ ಮೇಲೆ ಚಿಕ್ಕಮ್ಮನನ್ನು, ಮರದ ಮೇಲೆ ಮರವನ್ನು ಇಟ್ಟು ಜೋಡಿಸಿದೆ. ಉದ್ದಕ್ಕೆ ಹಾಸಿದ ಪಟದಲ್ಲಿ ತಪ್ಪು ಗೊತ್ತಾಗುವುದಿಲ್ಲ, ಅದು ತುದಿಯಿಂದ ಹೊರಗೆ ಜಾರಿಕೊಂಡು ಹೋಗುತ್ತದೆ. ಸುತ್ತಿನಲ್ಲಿ ಅದಕ್ಕೆ ಜಾರಲು ಜಾಗವಿಲ್ಲ. ಕೋಟೆ ಬೆಟ್ಟದಿಂದ ಹೊರಟ ಪಟ ಕೋಟೆ ಬೆಟ್ಟಕ್ಕೇ ಬಂದು ಕೂಡಬೇಕು. ಆದ್ದರಿಂದ ಚಿಕ್ಕಮ್ಮನ ಅಟ್ಟದಲ್ಲಿ ಹುಡುಕಿ, ಬಲೆ ಹರಿದುಹೋಗಿದ್ದ ಒಂದು ಗೇಣಗಲದ ಜರಡಿಯ ಬಳೆಯನ್ನು ತಂದೆ. ಅದರ ಒಳಮೈಗೆ ಚಿತ್ರಗಳನ್ನು ಸುತ್ತ ಅಂಟಿಸುತ್ತಾ ಬಂದೆ. ಹನ್ನೆರಡನೆಯದನ್ನು ಒತ್ತಿದಾಗ ಬೆಟ್ಟ ಬೆಟ್ಟವನ್ನು ಸೇರಿತು. ಎಳ್ಳಷ್ಟೂ ಬಿಡದೆ ಸೇರಿತು ಎಂದು ಬರೆಯಲು ನನಗೆ ಆಸೆಯಿದೆ. ಅದರ ಮಾತು ಆಮೇಲೆ.

ಹೇಳಿದ ಭಾನುವಾರ ಗಾಡಿಯಿಲ್ಲದೆ, ಚೀಲದಲ್ಲಿ ಜರಡಿಯ ಬಳೆ ಇಟ್ಟುಕೊಂಡು ಹೋದೆ. ಅಜ್ಜಿ ಸೀರೆ ಬದಲಾಯಿಸಿ, ತಲೆ ಬಾಚಿಸಿಕೊಂಡು, ಗಂಟು ಕಟ್ಟಿಟ್ಟುಕೊಂಡು ಕುಳಿತಿದ್ದಳು. ಗಾಡಿ ಎಲ್ಲಿ ಎಂದಳು. ಬಳೆಯನ್ನು ಅವಳ ಮಡಿಲಿಗಿಟ್ಟೆ. ಅವಳು ಅದನ್ನು ಎರಡು ಕೈಯಿಂದ ಹಿಡಿದು, ಒಳಗೆ ಇಣುಕಿ, ಮೆಲ್ಲಗೆ ತಿರುಗಿಸಿದಳು. ಬೆಟ್ಟ ಹೋಯಿತು, ಹುಣಿಸೆ ಬಂತು, ಕೊಟ್ಟಿಗೆ ಬಂತು. ಮೆದೆ ಬಂದಾಗ ಕೈ ನಿಂತಿತು. ಮೆದೆ ಒಂದು. ಅದರ ಪಕ್ಕ ಚಿಕ್ಕಮ್ಮ, ಒಬ್ಬಳೇ, ಮೊರದ ಸಮೇತ. ಅಜ್ಜಿ ಅವಳನ್ನು ಬಹಳ ಹೊತ್ತು ನೋಡಿದಳು. ಸೊಸೆ ಬಡವಾಗಿದ್ದಾಳೆ ಎಂದಳು. ಮತ್ತೆ ತಿರುಗಿಸಿದಳು. ಎತ್ತುಗಳು, ರಾಗಿ ರಾಶಿ, ಮತ್ತೆ ಬೆಟ್ಟ. ಎಲ್ಲಿಂದ ಶುರು ಮಾಡಿದಿರಿ ಎಂದು ಕೇಳಿದಳು. ಬೆಟ್ಟದಿಂದ, ಚಿಕ್ಕಪ್ಪ ಲಾಭ ಎಂದೇ ಶುರು ಮಾಡಿದ ಎಂದೆ. ಸದ್ಯ, ಅಷ್ಟಾದರೂ ನೆನಪಿದೆಯಲ್ಲ ಎಂದಳು. ನಾನು ಗೆದ್ದೆ ಅಂದುಕೊಂಡೆ.

ಅಜ್ಜಿ ಬಳೆಯನ್ನು ಇನ್ನೊಂದು ಸುತ್ತು ತಿರುಗಿಸಿ ತಲೆಯೆತ್ತಿದಳು.

"ಎಲ್ಲಾ ಐತೆ. ಮೇಟಿ ಎಲ್ಲೈತ್ಲಾ?"

ಸಂದಿಗಳನ್ನೆಲ್ಲ ಮುಚ್ಚಿದ್ದೆ. ಇಬ್ಬರಾದವರನ್ನು ಒಬ್ಬರು ಮಾಡಿದ್ದೆ. ನಟ್ಟನಡುವೆ ಇರುವ ಕಂಬದ ಮಾತು ನನಗೆ ಹೊಳೆದೇ ಇರಲಿಲ್ಲ. ಅದು ಕ್ಯಾಮೆರಾದ ಕೆಳಗಿತ್ತು. ಅತ್ತೆ ನನ್ನ ಮುಖ ನೋಡಿದಳು. ಗಂಟು ಪಕ್ಕದಲ್ಲೇ ಇತ್ತು. ಸುಳ್ಳು ಹೇಳಿದರೆ ಮೇಟಿ ಬಿದ್ದಿದೆಯೆಂದು ತಿಳಿದು ಹೊರಡುತ್ತಾಳೆ, ನಿಜ ಹೇಳಿದರೆ ಅದರ ತಲೆಗೆ ಮೊಳೆ ಹೊಡೆದದ್ದಕ್ಕೆ ಹೊರಡುತ್ತಾಳೆ. ಹೇಗೂ ಹೊರಡುವವಳು ನಿಜ ಕೇಳಿಯೇ ಹೊರಡಲಿ ಎಂದು ಎಲ್ಲವನ್ನೂ ಹೇಳಿದೆ: ತೆನೆ ಬಿಚ್ಚಿದ್ದು, ಹಲಗೆ ಹೊಡೆದದ್ದು, ಕ್ಯಾಮೆರಾ ಇಟ್ಟದ್ದು, ಆಮೇಲೆ ಚಿಕ್ಕಮ್ಮ ತೆನೆಯನ್ನು ಮತ್ತೆ ಕಟ್ಟಿದ್ದು.

ಅಜ್ಜಿ ಬೈಯಲಿಲ್ಲ. ಬಳೆಯ ನಡುವೆ ಇದ್ದ ಬರಿಯ ಜಾಗವನ್ನು ನೋಡುತ್ತಾ ಕುಳಿತಳು. ಆಮೇಲೆ ಎಲೆಯಡಿಕೆ ಕುಟ್ಟುವ ಕುಟ್ಟಾಣಿಯನ್ನು ತೆಗೆದು ಆ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದಳು.

"ಹಂಗಾದ್ರೆ ಇದು ಮೇಟಿ ಕಂಡಿದ್ದು ಅನ್ನು," ಎಂದಳು. "ಅದ್ರ ಬುಡದಾಗೆ ಕೂತು ನಾನು ಕಂಡಿದ್ದೂ ಇದೇ ಕಣ್ಲಾ."

ಸ್ವಲ್ಪ ಹೊತ್ತಿನ ಮೇಲೆ ಗಂಟನ್ನು ಅತ್ತೆಯ ಕಡೆಗೆ ತಳ್ಳಿ ಒಳಗಿಡು ಎಂದಳು. ತೆನೆಯ ಗಂಟು ಎಡಕ್ಕೆ ಬರಬೇಕೆಂದು ಜಯಮ್ಮನಿಗೆ ಹೇಳು, ಮುಂದಿನ ವರ್ಷವೂ ಅವಳೇ ಕಟ್ಟಲಿ ಎಂದು ನನಗೆ ಹೇಳಿದಳು. ಮೊನ್ನೆ ವೈದ್ಯರು ಕಟ್ಟು ಬಿಚ್ಚಿ ನೋಡಿ, ಮೂಳೆ ನೆಟ್ಟಗೆ ಕೂಡುತ್ತಿದೆ, ಯುಗಾದಿಗೆ ನಡೆಸಬಹುದು ಎಂದರಂತೆ. ಆ ವೈದ್ಯರಿಗೂ, ಹಾಲಿನವಳಿಗೂ, ಹಾದಿಯಲ್ಲಿ ಹೋಗುವವರಿಗೂ ಅಜ್ಜಿ ಬಳೆ ತೋರಿಸುತ್ತಾಳೆಂದು ಅತ್ತೆ ಹೇಳಿದಳು. ಯಾರು ತೆಗೆದ ಪಟ ಎಂದು ಅವರು ಕೇಳಿದರೆ, ನಮ್ಮ ಮೇಟಿ ತೆಗೆದದ್ದು ಎನ್ನುತ್ತಾಳಂತೆ. ಕ್ಯಾಮೆರಾ ಕೊಂಡವನು, ಹಗ್ಗ ಎಳೆದವನು, ಅಂಟು ಕಲಸಿದವನು ಒಬ್ಬನಿದ್ದಾನೆಂಬ ಮಾತು ಇನ್ನೂ ಬಂದಿಲ್ಲ.

ಬರದಿರುವುದೇ ಸದ್ಯಕ್ಕೆ ಒಳ್ಳೆಯದು. ಏಕೆಂದರೆ ಬೆಟ್ಟ ಬೆಟ್ಟವನ್ನು ಸೇರಿದ ಜಾಗದಲ್ಲಿ ಉಗುರಿನಗಲ ಉಳಿದುಕೊಂಡಿದೆ. ಅದರಿಂದ ರಾಯಕೋಟೆ ಬೆಟ್ಟಕ್ಕೆ, ಅಲ್ಲಿ ಹುಟ್ಟಿ ಬೆಳೆದವರು ಯಾರೂ ಕಾಣದ ಒಂದು ಗೂನು ಹೆಚ್ಚಾಗಿದೆ. ಹುರಿಯ ಅಳತೆಯಲ್ಲಿ ತಪ್ಪಾಯಿತೋ, ಕ್ಯಾಮೆರಾ ಮೊಳೆಯ ಮೇಲೆ ತಿರುಗುವಾಗ ಅದರ ಗಾಜು ಪಕ್ಕಕ್ಕೆ ಸರಿಯಿತೋ, ಪ್ರಿಂಟಿನ ಕಾಗದ ನೀರಿನಲ್ಲಿ ನೆನೆದು ಹಿಗ್ಗಿತೋ, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಇಂಥ ಪಟಗಳನ್ನು ಜೋಡಿಸಿ ಅನುಭವವಿರುವ ಓದುಗರು ಯಾರಾದರೂ ಇದ್ದರೆ, ಕ್ಯಾಮೆರಾ ನೋಡುವ ಅಗಲವನ್ನು ಇದಕ್ಕಿಂತ ಸರಿಯಾಗಿ ಹಿಡಿಯುವ ಬಗೆಯನ್ನು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಬೇಕು. ಯುಗಾದಿಗೆ ಮೊದಲೇ ಬರೆದರೆ ಉಪಕಾರ. ಅಜ್ಜಿ ಬಳೆಯನ್ನು ಹಿಡಿಯುವಾಗ ಅವಳ ಬಲಗೈ ಹೆಬ್ಬೆರಳು ಸರಿಯಾಗಿ ಆ ಗೂನಿನ ಮೇಲೇ ಕೂತು ಅದನ್ನು ಮುಚ್ಚಿಬಿಡುತ್ತದೆ. ಕಾಲು ಸರಿಹೋಗಿ, ಅವಳು ಬಲಗೈಗೆ ಕೋಲು ತೆಗೆದುಕೊಂಡು ಎದ್ದು ನಿಂತು, ಬಳೆಯನ್ನು ಎಡಗೈಗೆ ಬದಲಾಯಿಸುವುದರೊಳಗೆ ನನಗೆ ಉತ್ತರ ಬೇಕು.